ಹಾಡನ್ನು ಹುಡುಕುವ ವಿದ್ಯೆ: ಏನನ್ನು ಬಿಡಬೇಕೆಂಬ ವಿವೇಕದ ಚರಿತ್ರೆ

2002ರ ಆಗಸ್ಟ್ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಹೊಸದೊಂದು ಫೋನ್ ಸೇವೆ ಶುರುವಾಯಿತು. ಅಂಗಡಿಯಲ್ಲೋ ಹೋಟೆಲಿನಲ್ಲೋ ಹಾಡೊಂದು ಕಿವಿಗೆ ಬಿತ್ತು, ಯಾವುದೆಂದು ಗೊತ್ತಾಗಲಿಲ್ಲ ಎನ್ನಿ. ಮೊಬೈಲಿನಿಂದ 2580ಕ್ಕೆ ಕರೆ ಮಾಡಿ ಫೋನನ್ನು ಹಾಡಿನ ಕಡೆಗೆ ಹಿಡಿದರೆ ಸಾಕು, ಸ್ವಲ್ಪ ಹೊತ್ತಿಗೆ ಹಾಡಿನ ಹೆಸರು, ಹಾಡಿದವರ ಹೆಸರು ಎಸ್ಸೆಮ್ಮೆಸ್ಸಾಗಿ ಬರುತ್ತಿತ್ತು. ಶಝಾಮ್ ಎಂಬ ಆ ಸೇವೆ ಈಗ ಆ್ಯಪ್ ರೂಪದಲ್ಲಿ ನಮ್ಮ ಜೇಬಿನಲ್ಲೂ ಇದೆ. ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ಕಂಪ್ಯೂಟರುಗಳ ವೇಗ ಹೆಚ್ಚಿತು, ಮೆಮೊರಿ ಅಗ್ಗವಾಯಿತು, ಹಾಗಾಗಿ ಸಾಧ್ಯವಾಯಿತು. ಈ ಉತ್ತರದಲ್ಲಿ ಇರುವುದು ಅರ್ಧ ಸತ್ಯ. ಸಂಗೀತವನ್ನು ಹುಡುಕುವ ವಿದ್ಯೆಗೆ ಕಂಪ್ಯೂಟರಿಗಿಂತ ಹಳೆಯ ಚರಿತ್ರೆಯಿದೆ. ಅದನ್ನು ಮೊದಲಿನಿಂದ ನೋಡುತ್ತ ಬಂದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹುಡುಕಾಟ ಚುರುಕಾದಾಗಲೆಲ್ಲ ಅದರ ಹಿಂದೆ ಒಂದು ತೀರ್ಮಾನವಿತ್ತು: ಸಂಗೀತದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂಬ ತೀರ್ಮಾನ. ಯಂತ್ರ ಮಾಡಿದ್ದು ಆ ತೀರ್ಮಾನವನ್ನು ಜಾರಿಗೆ ತರುವ ಕೆಲಸ. ಇನ್ನೊಂದು ಮಾತೂ ಅಷ್ಟೇ ಮುಖ್ಯ: ಯಾರು ಹುಡುಕಬಲ್ಲರು, ಯಾವ ಸಂಗೀತ ಸಿಗುತ್ತದೆ, ಯಾವುದು ಸಿಗದೆ ಉಳಿಯುತ್ತದೆ ಎಂಬುದೆಲ್ಲ ನಿಂತಿರುವುದು ಏನನ್ನು ಬಿಟ್ಟರು ಎಂಬುದರ ಮೇಲೆ. ಆದ್ದರಿಂದ ಇದು ಎಂಜಿನಿಯರುಗಳಿಗಷ್ಟೇ ಬಿಟ್ಟುಕೊಡುವ ವಿಷಯವಲ್ಲ. ಸಂಗೀತ ಬಲ್ಲವರೂ ಜೊತೆಗೆ ಕುಳಿತು ನಿರ್ಧರಿಸಬೇಕಾದ ವಿಷಯ.

ಹಾಡನ್ನು ಹೆಸರಿನಿಂದ ಹುಡುಕುವುದು ಎಲ್ಲ ನಾಡುಗಳಲ್ಲೂ ಇದ್ದ ಪದ್ಧತಿ. ನಮ್ಮ ದಾಸರ ಕೀರ್ತನೆಗಳ ಪುಸ್ತಕಗಳಲ್ಲಿ ಪಲ್ಲವಿಯ ಮೊದಲ ಪದಗಳ ಅಕಾರಾದಿ ಸೂಚಿ ಇರುತ್ತದೆ. ಸಾಹಿತ್ಯ ನೆನಪಿದ್ದವರಿಗೆ ಕ್ಷಣದಲ್ಲಿ ಪುಟ ಸಿಗುತ್ತದೆ. ಸಾಹಿತ್ಯ ಮರೆತು ಧಾಟಿಯೊಂದೇ ಮನಸ್ಸಿನಲ್ಲಿ ಉಳಿದವರಿಗೆ ಆ ಸೂಚಿಯಿಂದ ಏನೂ ಪ್ರಯೋಜನವಿಲ್ಲ. ವಾದ್ಯಸಂಗೀತ ಪ್ರಧಾನವಾದ ಕಡೆ ಈ ತೊಡಕು ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಹಿಡಿದುಕೊಳ್ಳಲು ಮಾತೇ ಇಲ್ಲ. 18ನೇ ಶತಮಾನದ ಯೂರೋಪಿನಲ್ಲಿ ಒಬ್ಬನೇ ರಚನಕಾರ ಹಲವಾರು ಸಿಂಫನಿಗಳನ್ನು ಬರೆಯುತ್ತಿದ್ದ, ಎಲ್ಲಕ್ಕೂ ಹೆಸರು ಸಿಂಫನಿ ಎಂದೇ. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಹೇಳಲು ಲೈಪ್ಜಿಗ್ ನಗರದ ಪ್ರಕಾಶಕ ಬ್ರೈಟ್‌ಕಾಫ್ 1762ರಿಂದ ಹೊರತಂದ ಮಾರಾಟದ ಪಟ್ಟಿಯಲ್ಲಿ ಪ್ರತಿ ಕೃತಿಯ ಆರಂಭದ ಕೆಲವು ಸ್ವರಗಳನ್ನೇ ಅಚ್ಚು ಹಾಕಿಸಿದ. ಯಾವ ಕೃತಿ ಎಂದು ಗುರುತಿಸಲು ಧಾಟಿಯ ತುಣುಕೊಂದು ಸಾಕು ಎಂಬ ತಿಳಿವಳಿಕೆ ಆ ಪಟ್ಟಿಯಲ್ಲಿ ವ್ಯಾಪಾರದ ರೂಪ ಪಡೆಯಿತು. ಆದರೂ ಪಟ್ಟಿ ಜೋಡಣೆಯಾದದ್ದು ರಚನಕಾರರ ಹೆಸರಿನ ಅಡಿಯಲ್ಲಿ. ರಚನಕಾರ ಯಾರೆಂದು ಗೊತ್ತಿರದ, ಧಾಟಿಯನ್ನಷ್ಟೇ ಬಲ್ಲ ಒಬ್ಬ ಮನುಷ್ಯ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದಬೇಕಿತ್ತು. ಪದಗಳನ್ನು ಜೋಡಿಸಲು ಅಕ್ಷರಮಾಲೆ ಇದೆ. ಧಾಟಿಗಳನ್ನು ಜೋಡಿಸಲು ಅಂಥ ಕ್ರಮ ಯಾವುದು? ಮುಂದಿನ ಎರಡು ಶತಮಾನಗಳ ಪ್ರಯತ್ನವೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಕಳೆಯಿತು.

ಪ್ರಶ್ನೆ ತುರ್ತಾದದ್ದು ಜಾನಪದ ಗೀತೆಗಳಿಂದ. 19ನೇ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ಸಂಗ್ರಾಹಕರ ಬಳಿ ಸಾವಿರಾರು ಧಾಟಿಗಳು ಕೂಡಿದ್ದವು. ಒಂದು ಊರಿನ ಹಾಡು ಇನ್ನೊಂದು ಊರಿನಲ್ಲಿ ಬೇರೆ ಸಾಹಿತ್ಯ ಹೊತ್ತು ಹಾಡಿಸಿಕೊಳ್ಳುತ್ತಿದ್ದುದರಿಂದ ಮೊದಲ ಸಾಲಿನ ಸೂಚಿ ನಿರುಪಯೋಗಿಯಾಗಿತ್ತು. ಹಾಲೆಂಡಿನ ಶೂರ್ಲೀರ್ ಎಂಬ ವಿದ್ವಾಂಸ, ಜಾನಪದ ಗೀತೆಗಳನ್ನು ಸಾಹಿತ್ಯದಿಂದಲ್ಲದೆ ಧಾಟಿಯಿಂದಲೇ ನಿಘಂಟಿನಂತೆ ಜೋಡಿಸುವ ಉತ್ತಮ ವಿಧಾನ ಯಾವುದು ಎಂಬ ಪ್ರಶ್ನೆಯನ್ನು ವಿದ್ವತ್ ವಲಯದ ಮುಂದಿಟ್ಟ. ಫಿನ್ಲೆಂಡಿನ ಇಲ್ಮಾರಿ ಕ್ರೋನ್ 1902-03ರಲ್ಲಿ ಕೊಟ್ಟ ಉತ್ತರ ಹೆಚ್ಚು ಕಾಲ ಬಾಳಿತು. ಹಾಡಿನ ಪ್ರತಿ ಸಾಲೂ ಯಾವ ಸ್ವರದ ಮೇಲೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಗಮನಿಸಿ, ಆ ನ್ಯಾಸಸ್ವರಗಳ ಕ್ರಮದಂತೆ ಹಾಡುಗಳನ್ನು ಜೋಡಿಸಬೇಕು ಎಂದು ಆತ ಸೂಚಿಸಿದ. ಹಂಗೆರಿಯ ಬೇಲಾ ಬಾರ್ಟೋಕ್ ಮತ್ತು ಜೋಲ್ಟಾನ್ ಕೊಡಾಯ್ ಅದನ್ನೇ ತಮ್ಮ ನಾಡಿನ ಹಾಡುಗಳಿಗೆ ಹೊಂದಿಸಿಕೊಂಡರು. ಗಾಯಕರು ಯಾವ ಶ್ರುತಿಯಲ್ಲಿ ಹಾಡಿದ್ದರೂ ಬಾರ್ಟೋಕ್ ಎಲ್ಲ ಧಾಟಿಗಳನ್ನೂ ಒಂದೇ ಸ್ವರದಲ್ಲಿ ಮುಗಿಯುವಂತೆ ಸ್ಥಳಾಂತರಿಸಿ ಬರೆದುಕೊಂಡ. ಇಲ್ಲಿ ನಡೆದ ತ್ಯಾಗ ದೊಡ್ಡದು. ಹಾಡಿದವರ ಶ್ರುತಿ ಹೋಯಿತು, ಸಾಲಿನ ನಡುವಿನ ಸ್ವರಗಳೂ ಜೋಡಣೆಯ ಲೆಕ್ಕದಿಂದ ಹಿಂದೆ ಸರಿದವು. ಆದರೆ ಅದು ಕುರುಡು ತ್ಯಾಗವಲ್ಲ. ಹಾಡು ಬಾಯಿಂದ ಬಾಯಿಗೆ ಹೋಗುವಾಗ ಸಾಲಿನ ಒಳಗಿನ ಅಲಂಕಾರ ಬದಲಾಗುತ್ತದೆ, ನಿಲ್ಲುವ ಜಾಗ ಅಷ್ಟಾಗಿ ಬದಲಾಗುವುದಿಲ್ಲ ಎಂಬ ಅನುಭವ ಅದರ ಹಿಂದಿತ್ತು. ಸಾವಿರಾರು ಹಾಡುಗಳನ್ನು ಕೇಳಿದ ಕಿವಿಗಳು ಹೇಳಿದ ಮಾತನ್ನು ಸೂಚಿ ಪಾಲಿಸಿತು.

ಈ ಕ್ರಮಕ್ಕೂ ಒಂದು ಮಿತಿಯಿತ್ತು: ಹುಡುಕುವವನಿಗೆ ಹಾಡು ಪೂರ್ತಿ ಗೊತ್ತಿರಬೇಕು. ಸಭೆಯಲ್ಲಿ ಕೇಳಿದ ಒಂದು ತುಣುಕನ್ನು ಹಿಡಿದು ಬರುವ ಸಾಮಾನ್ಯ ಕೇಳುಗನಿಗೆ ಅದು ಒದಗದು. ಅಂಥವರಿಗಾಗಿ ಅಮೆರಿಕದ ಹೆರಾಲ್ಡ್ ಬಾರ್ಲೋ ಮತ್ತು ಸ್ಯಾಮ್ ಮಾರ್ಗೆನ್‌ಸ್ಟರ್ನ್ 1948ರಲ್ಲಿ ಸುಮಾರು 10,000 ವಾದ್ಯಸಂಗೀತದ ಧಾಟಿಗಳ ನಿಘಂಟನ್ನು ಪ್ರಕಟಿಸಿದರು. ಅವರ ಉಪಾಯ ಸರಳ. ಪ್ರತಿ ಧಾಟಿಯನ್ನೂ ಸಿ ಮೇಜರ್ ಇಲ್ಲವೇ ಸಿ ಮೈನರಿಗೆ ತಂದು, ಸ್ವರಗಳ ಹೆಸರಿನ ಅಕ್ಷರಗಳನ್ನಷ್ಟೇ ಸಾಲಾಗಿ ಬರೆದು, ಆ ಸಾಲುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದರು. ಧಾಟಿ ಈಗ ನಿಜವಾಗಿಯೂ ಪದದ ಹಾಗಾಯಿತು. ಅದಕ್ಕಾಗಿ ಅವರು ಬಿಟ್ಟದ್ದು ಲಯವನ್ನು, ಸ್ಥಾಯಿಯನ್ನು, ಮೂಲ ಶ್ರುತಿಯನ್ನು. ಪಾಶ್ಚಾತ್ಯ ಸಂಗೀತದಲ್ಲಿ ಲಯವಿಲ್ಲದ ಧಾಟಿ ಅರೆಜೀವವೆಂದು ಯಾರಾದರೂ ಹೇಳಬಹುದು. ಆದರೆ ಹತ್ತು ಸಾವಿರ ಧಾಟಿಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಲು ಕೆಲವೇ ಸ್ವರಗಳು ಸಾಕಾಗುತ್ತವೆ ಎಂಬುದನ್ನು ಆ ಪುಸ್ತಕ ಸಾಧಿಸಿ ತೋರಿಸಿತು. ಹುಡುಕುವವನಿಗೆ ಸ್ವರಜ್ಞಾನ ಇರಬೇಕು ಎಂಬ ಷರತ್ತು ಮಾತ್ರ ಉಳಿಯಿತು.

ಯಂತ್ರಗಳು ರಂಗಕ್ಕೆ ಬಂದದ್ದು ಇದೇ ಕಾಲದಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇಂಗ್ಲಿಷ್ ಲಾವಣಿಗಳ ಧಾಟಿಗಳನ್ನು ಅಭ್ಯಾಸ ಮಾಡುತ್ತಿದ್ದ ಬರ್ಟ್ರಂಡ್ ಬ್ರಾನ್ಸನ್, ಧಾಟಿಗಳ ಲಕ್ಷಣಗಳನ್ನು ತೂತಿನ ಕಾರ್ಡುಗಳಿಗೆ ಇಳಿಸಿ ಯಂತ್ರದಿಂದ ವಿಂಗಡಿಸುವ ವಿಧಾನವನ್ನು 1949ರಲ್ಲಿ ವಿವರಿಸಿದ. 1964ರಲ್ಲಿ ಬ್ಯಾರಿ ಬ್ರೂಕ್ ಮತ್ತು ಮರ್ರಿ ಗೌಲ್ಡ್ ಸಾಮಾನ್ಯ ಟೈಪ್‌ರೈಟರಿನ ಅಕ್ಷರಗಳಲ್ಲೇ ಸ್ವರಲಿಪಿ ಬರೆಯುವ ಸಂಕೇತವೊಂದನ್ನು ರೂಪಿಸಿದರು. ಜಗತ್ತಿನ ಸಂಗೀತ ಹಸ್ತಪ್ರತಿಗಳನ್ನು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಯೋಜನೆ ಇಂದಿಗೂ ಅದನ್ನು ಬಳಸುತ್ತದೆ. 1966ರಲ್ಲಿ ಮೈಕೆಲ್ ಕ್ಯಾಸ್ಲರ್ ಸಂಗೀತದ ಮಾಹಿತಿಯನ್ನು ಕಂಪ್ಯೂಟರಿನಿಂದ ಹುಡುಕಿ ತೆಗೆಯುವ ಬಗೆಗೆ ಲೇಖನ ಬರೆದ. ಈ ಶಾಸ್ತ್ರಕ್ಕೆ ಇವತ್ತು ಇಂಗ್ಲಿಷಿನಲ್ಲಿ ಇರುವ ಹೆಸರು ಆ ಲೇಖನದ ಶೀರ್ಷಿಕೆಯಲ್ಲೇ ಕಾಣಿಸಿತು. ಈ ಮೂರು ಘಟನೆಗಳಲ್ಲೂ ಒಂದು ಸಮಾನ ಅಂಶವಿದೆ. ಕಾರ್ಡು ವಿಂಗಡಿಸುವುದು ಯಂತ್ರಕ್ಕೆ ಸುಲಭ. ಕಾರ್ಡಿನಲ್ಲಿ ಯಾವ ತೂತು ಇರಬೇಕು ಎಂಬುದನ್ನು ಲಾವಣಿ ಬಲ್ಲವರೇ ಹೇಳಬೇಕಿತ್ತು. ಯಂತ್ರ ಬಂದ ಮೇಲೆ ಆ ತೀರ್ಮಾನದ ಹೊಣೆ ಕಡಿಮೆಯಾಗಲಿಲ್ಲ, ಇನ್ನಷ್ಟು ಬಿಗಿಯಾಯಿತು, ಏಕೆಂದರೆ ಕಾರ್ಡಿನಲ್ಲಿ ಇಲ್ಲದ್ದನ್ನು ಯಂತ್ರ ಊಹಿಸಿಕೊಳ್ಳಲಾರದು.

ಬಿಡುವ ವಿದ್ಯೆಯನ್ನು ತುದಿಗೆ ಮುಟ್ಟಿಸಿದವನು ಬ್ರಿಟನ್ನಿನ ಡೆನಿಸ್ ಪಾರ್ಸನ್ಸ್. 1975ರಲ್ಲಿ ಆತ ಪ್ರಕಟಿಸಿದ ಧಾಟಿಗಳ ಕೈಪಿಡಿಯಲ್ಲಿ ಸ್ವರಗಳ ಹೆಸರೂ ಇರಲಿಲ್ಲ. ಮೊದಲ ಸ್ವರಕ್ಕೆ ಒಂದು ನಕ್ಷತ್ರ ಚಿಹ್ನೆ. ಅಲ್ಲಿಂದ ಮುಂದೆ ಪ್ರತಿ ಸ್ವರವೂ ಹಿಂದಿನದಕ್ಕಿಂತ ಮೇಲೆ ಹೋಯಿತೋ, ಕೆಳಗೆ ಇಳಿಯಿತೋ, ಅಲ್ಲೇ ನಿಂತಿತೋ ಎಂಬ ಮೂರರಲ್ಲೊಂದು ಗುರುತು. ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದೂ ಬೇಡ. ಇಷ್ಟು ಬರಿಗೈಯಾದ ಸೂಚಿಯಿಂದ ಧಾಟಿ ಸಿಗುವುದುಂಟೆ ಎಂದು ಅನುಮಾನ ಬರುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಅನುಮಾನ ಸಡಿಲವಾಗುತ್ತದೆ. ಮೂರು ಸಾಧ್ಯತೆಗಳ 15 ಹೆಜ್ಜೆಗಳು ಸೇರಿದರೆ ಒಟ್ಟು 1,43,48,907 ಬೇರೆ ಬೇರೆ ರೂಪಗಳಾಗುತ್ತವೆ. ಎಲ್ಲ ರೂಪಗಳೂ ಸಮನಾಗಿ ಬಳಕೆಯಾಗುವುದಿಲ್ಲ ಎಂಬುದು ನಿಜ. ಆದರೂ ಕೆಲವು ಸಾವಿರ ಧಾಟಿಗಳನ್ನು ಬೇರ್ಪಡಿಸಲು ಅಷ್ಟು ಜಾಗ ಧಾರಾಳ. ಪಾರ್ಸನ್ಸನ ತ್ಯಾಗದಿಂದ ಬಂದ ದೊಡ್ಡ ಲಾಭ ವೇಗಕ್ಕಿಂತ ಬೇರೆಯದು. ಸ್ವರಲಿಪಿ ಬಾರದವರು, ಸ್ವರಸ್ಥಾನ ಗುರುತಿಸಲಾರದವರು, ಅಷ್ಟೇನೂ ಶ್ರುತಿಶುದ್ಧವಾಗಿ ಗುನುಗಲಾರದವರು ಕೂಡ ಈ ಪುಸ್ತಕದಲ್ಲಿ ಹುಡುಕಬಹುದಿತ್ತು. ಸೂಚಿಯಿಂದ ಏನನ್ನು ತೆಗೆಯುತ್ತೇವೋ ಆ ಜ್ಞಾನದ ಅಗತ್ಯ ಹುಡುಕುವವನಿಗೂ ತಪ್ಪುತ್ತದೆ. ಹುಡುಕಾಟದ ಚರಿತ್ರೆಯಲ್ಲಿ ಇದು ಬಹು ದೊಡ್ಡ ಪಾಠ.

ಇಪ್ಪತ್ತು ವರ್ಷಗಳ ಬಳಿಕ ಕಂಪ್ಯೂಟರ್ ಹಿಡಿದದ್ದು ಇದೇ ದಾರಿ. 1995ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆಸಿಫ್ ಘಿಯಾಸ್ ಮತ್ತು ಸಂಗಡಿಗರು ಗುನುಗಿದರೆ ಹಾಡು ಹುಡುಕಿಕೊಡುವ ವ್ಯವಸ್ಥೆಯನ್ನು ರೂಪಿಸಿದರು. ಗುನುಗಿದ ಧ್ವನಿಯಿಂದ ಸ್ವರದ ಎತ್ತರವನ್ನು ಅಳೆದು, ಅದನ್ನು ಮೇಲೆ, ಕೆಳಗೆ, ಸಮ ಎಂಬ ಮೂರೇ ಗುರುತುಗಳಿಗೆ ಇಳಿಸಿ, 183 ಹಾಡುಗಳ ಸಂಗ್ರಹದಲ್ಲಿ ಹೋಲಿಸಿದರು. 10ರಿಂದ 12 ಹೆಜ್ಜೆಗಳಷ್ಟರಲ್ಲಿ ಶೇಕಡಾ 90ರಷ್ಟು ಹಾಡುಗಳು ಬೇರ್ಪಡುತ್ತವೆ ಎಂದು ಅವರು ಕಂಡುಕೊಂಡರು. ಮರುವರ್ಷ ನ್ಯೂಜಿಲೆಂಡಿನ ವೈಕಾಟೋ ವಿಶ್ವವಿದ್ಯಾಲಯದವರು ಸುಮಾರು 9,400 ಜಾನಪದ ಧಾಟಿಗಳ ಮೇಲೆ ಇಂಥದೇ ಪ್ರಯೋಗ ನಡೆಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಸಂಗ್ರಹ ಬೆಳೆದಂತೆ ಮೂರೇ ಗುರುತುಗಳ ಸೂಚಿಗೆ ಉದ್ದದ ತುಣುಕು ಬೇಕಾಗುತ್ತದೆ. ಸ್ವರಾಂತರವನ್ನೂ ಲಯವನ್ನೂ ಸೇರಿಸಿದರೆ ಕಡಿಮೆ ಸ್ವರಗಳು ಸಾಕು, ಆದರೆ ಗುನುಗುವವನ ತಪ್ಪಿಗೆ ಆಗ ಜಾಗವಿಲ್ಲ. ಎಷ್ಟು ಬಿಡಬೇಕು ಎಂಬುದಕ್ಕೆ ಒಂದೇ ಶಾಶ್ವತ ಉತ್ತರವಿಲ್ಲ. ಸಂಗ್ರಹ ಎಷ್ಟು ದೊಡ್ಡದು, ಹುಡುಕುವವನು ಎಂಥವನು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಶಝಾಮ್ ಎದುರಿಸಿದ ಪ್ರಶ್ನೆ ಇವೆಲ್ಲಕ್ಕಿಂತ ಭಿನ್ನ. ಅಲ್ಲಿ ಧಾಟಿ ಯಾವುದು ಎಂಬುದು ಮುಖ್ಯವಲ್ಲ. ಗದ್ದಲದ ನಡುವೆ ಕೇಳುತ್ತಿರುವ ಧ್ವನಿಮುದ್ರಿಕೆ ಸಂಗ್ರಹದಲ್ಲಿರುವ ಯಾವ ಧ್ವನಿಮುದ್ರಿಕೆ ಎಂಬುದಷ್ಟೇ ಬೇಕು. ಹಾಲೆಂಡಿನ ಫಿಲಿಪ್ಸ್ ಸಂಶೋಧನಾಲಯದ ಹೈಟ್ಸ್‌ಮಾ ಮತ್ತು ಕಾಲ್ಕರ್ 2002ರಲ್ಲಿ ಒಂದು ವಿಧಾನ ಮಂಡಿಸಿದರು: 300ರಿಂದ 2,000 ಹರ್ಟ್ಸ್ ನಡುವಿನ ಧ್ವನಿಯನ್ನು 33 ಪಟ್ಟಿಗಳಾಗಿ ಸೀಳಿ, ಅಕ್ಕಪಕ್ಕದ ಪಟ್ಟಿಗಳ ಶಕ್ತಿಯ ಅಂತರ ಕಾಲ ಸರಿದಂತೆ ಏರಿತೋ ಇಳಿಯಿತೋ ಎಂಬುದನ್ನಷ್ಟೇ ದಾಖಲಿಸಿ, ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಬಾರಿ 32 ಬಿಟ್‌ಗಳ ಒಂದೊಂದು ಗುರುತು ತೆಗೆಯುವುದು. ಶಝಾಮ್ ಸ್ಥಾಪಕರಲ್ಲೊಬ್ಬನಾದ ಏವರಿ ವಾಂಗ್ 2003ರಲ್ಲಿ ಪ್ರಕಟಿಸಿದ ವಿಧಾನ ಬೇರೆ ದಾರಿಯದು. ಕಾಲವನ್ನು ಒಂದು ಕಡೆ, ಕಂಪನಸಂಖ್ಯೆಯನ್ನು ಇನ್ನೊಂದು ಕಡೆ ಇಟ್ಟು ಬಿಡಿಸಿದ ಧ್ವನಿಯ ಚಿತ್ರದಲ್ಲಿ ಸುತ್ತಲಿನ ಎಲ್ಲಕ್ಕಿಂತ ಎದ್ದು ಕಾಣುವ ಶಿಖರಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬಿಟ್ಟುಬಿಡುವುದು. ಶಿಖರ ಎಷ್ಟು ಎತ್ತರ ಎಂಬುದನ್ನೂ ಬಿಡುವುದು. ಉಳಿಯುವುದು ಯಾವ ಕಾಲಕ್ಕೆ ಯಾವ ಕಂಪನಸಂಖ್ಯೆ ಎಂಬ ಚುಕ್ಕೆಗಳ ಚಿತ್ರ. ಗದ್ದಲ, ಕೆಟ್ಟ ಸ್ಪೀಕರು, ಫೋನಿನ ಕಿರಿದಾದ ದಾರಿ ಇವೆಲ್ಲ ಸೇರಿ ಧ್ವನಿಯ ಬಹುಪಾಲನ್ನು ಕೆಡಿಸಿದರೂ ಶಿಖರಗಳಲ್ಲಿ ಸಾಕಷ್ಟು ಬದುಕುಳಿಯುತ್ತವೆ. ಇಲ್ಲಿ ಬಿಡುವುದರಿಂದ ಎರಡು ಲಾಭ ಒಟ್ಟಿಗೆ ಬಂದವು: ಹುಡುಕುವ ಸರಕು ಹಗುರಾಯಿತು, ಕೆಡುವ ಭಾಗವೂ ಲೆಕ್ಕದಿಂದ ಹೊರಗೆ ಹೋಯಿತು.

ವೇಗ ಎಲ್ಲಿಂದ ಬಂತು ಎಂಬುದನ್ನು ವಾಂಗ್‌ನ ಲೆಕ್ಕವೇ ಹೇಳುತ್ತದೆ. ಒಂಟಿ ಚುಕ್ಕೆಯ ಕಂಪನಸಂಖ್ಯೆಗೆ 10 ಬಿಟ್ ಸಾಕು, ಅಂದರೆ ಸುಮಾರು ಸಾವಿರ ಸಾಧ್ಯತೆ. ಲಕ್ಷಾಂತರ ಹಾಡುಗಳಲ್ಲಿ ಅದೇ ಚುಕ್ಕೆ ಮತ್ತೆ ಮತ್ತೆ ಸಿಗುತ್ತದೆ. ಎರಡು ಚುಕ್ಕೆಗಳನ್ನು ಜೋಡಿಸಿ, ಎರಡರ ಕಂಪನಸಂಖ್ಯೆ ಮತ್ತು ನಡುವಿನ ಕಾಲ ಸೇರಿಸಿದರೆ 30 ಬಿಟ್ ಆಗುತ್ತದೆ, ಅಂದರೆ ನೂರು ಕೋಟಿಗೂ ಮೀರಿದ ಸಾಧ್ಯತೆ. ಅಂಥ ಜೋಡಿಯನ್ನೇ ವಿಳಾಸವಾಗಿ ಬಳಸಿ ಕೋಷ್ಟಕದಲ್ಲಿ ಇಟ್ಟರೆ ಹುಡುಕಾಟ ಪಟ್ಟಿ ಓದುವ ಕೆಲಸವಾಗಿ ಉಳಿಯದೆ ನೇರವಾಗಿ ಮನೆಗೆ ಹೋಗುವ ಕೆಲಸವಾಗುತ್ತದೆ. ಕೊನೆಗೆ, ಹೊಂದಿಕೆಯಾದ ಜೋಡಿಗಳೆಲ್ಲ ಒಂದೇ ಕಾಲಾಂತರದಲ್ಲಿ ಕೂಡಿಬಂದವೇ ಎಂದು ನೋಡಿದರೆ ಹಾಡು ಖಚಿತ. ಪ್ರತಿ ಚುಕ್ಕೆಗೂ ಹಲವು ಜೋಡಿ ಮಾಡುವುದರಿಂದ ಸುಮಾರು ಹತ್ತು ಪಟ್ಟು ಹೆಚ್ಚು ಜಾಗ ಬೇಕಾಗುತ್ತದೆ, ಗುರುತು ಹಿಡಿಯುವ ಸಾಧ್ಯತೆ ತುಸು ತಗ್ಗುತ್ತದೆ, ಪ್ರತಿಯಾಗಿ ವೇಗ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ ಎಂದು ವಾಂಗ್ ಬರೆದ. ಸಾಮಾನ್ಯ ಪಿಸಿಯೊಂದರಲ್ಲಿ 20,000 ಹಾಡುಗಳ ಸಂಗ್ರಹವನ್ನು ಹುಡುಕಲು 5ರಿಂದ 500 ಮಿಲಿಸೆಕೆಂಡು ಸಾಕಾಗುತ್ತಿತ್ತು. ಯಂತ್ರ ಅದೇ, ಹತ್ತು ಸಾವಿರ ಪಟ್ಟಿನ ವೇಗ ಬಂದದ್ದು ಏನನ್ನು ದಾಖಲಿಸಬೇಕು ಎಂಬ ತೀರ್ಮಾನದಿಂದ.

ಯಂತ್ರಗಳು ವರ್ಷದಿಂದ ವರ್ಷಕ್ಕೆ ವೇಗ ಪಡೆಯುತ್ತಲೇ ಇವೆ, ಸ್ವಲ್ಪ ಕಾದರೆ ಇಂಥ ಜಾಣ್ಮೆಯ ಅಗತ್ಯವೇ ಇರುವುದಿಲ್ಲ ಎಂದು ಆಕ್ಷೇಪಿಸಬಹುದು. ಸಂಗ್ರಹಗಳೂ ಹಾಗೇ ಸುಮ್ಮನಿದ್ದಿದ್ದರೆ ಆ ಆಕ್ಷೇಪವನ್ನು ಒಪ್ಪಬಹುದಿತ್ತು. 2003ರ ಆ ಪ್ರಯೋಗದಲ್ಲಿ ಇದ್ದದ್ದು 20,000 ಹಾಡು. 2022ರ ಅಕ್ಟೋಬರ್ ಹೊತ್ತಿಗೆ ಆಪಲ್ ಮ್ಯೂಸಿಕ್ ತನ್ನಲ್ಲಿ 10 ಕೋಟಿ ಹಾಡುಗಳಿವೆ ಎಂದು ಪ್ರಕಟಿಸಿತು. ಅಂದರೆ ಸುಮಾರು ಇಪ್ಪತ್ತು ವರ್ಷದಲ್ಲಿ ಹುಡುಕಬೇಕಾದ ರಾಶಿ ಐದು ಸಾವಿರ ಪಟ್ಟು ದೊಡ್ಡದು. ಜೊತೆಗೆ ಏಕಕಾಲಕ್ಕೆ ಹುಡುಕುವವರ ಸಂಖ್ಯೆಯೂ ಬೆಳೆದಿದೆ. ಯಂತ್ರದಿಂದ ದೊರೆತ ವೇಗವನ್ನು ಬೆಳೆಯುವ ರಾಶಿ ನುಂಗಿಹಾಕುತ್ತ ಬಂದಿದೆ. ಇನ್ನೊಂದು ಕಾರಣವೂ ಇದೆ. ಒಂದೇ ಹಾಡನ್ನು ಬೇರೆಯವರು ಬೇರೆ ಶ್ರುತಿಯಲ್ಲಿ, ಬೇರೆ ಕಾಲಪ್ರಮಾಣದಲ್ಲಿ ಹಾಡಿದ್ದನ್ನು ಹುಡುಕಬೇಕಾದಾಗ ಶಿಖರಗಳ ಚಿತ್ರ ಕೆಲಸಕ್ಕೆ ಬಾರದು. ಅಲ್ಲಿ ಧ್ವನಿಯನ್ನು ಸಪ್ತಕದ 12 ಸ್ವರಸ್ಥಾನಗಳ ಮನೆಗಳಿಗೆ ಹಂಚಿ, ಒಂದರ ಮೇಲೊಂದು ಇಟ್ಟು ಹೋಲಿಸಬೇಕಾಗುತ್ತದೆ. ಆ ಹೋಲಿಕೆಯನ್ನು ಯಾವ ಸಂಕ್ಷೇಪವೂ ಇಲ್ಲದೆ ಕೋಟಿ ಹಾಡುಗಳ ಮೇಲೆ ನಡೆಸುವುದು ಇಂದಿನ ಯಂತ್ರಗಳಿಗೂ ದುಬಾರಿ. ಪ್ರಶ್ನೆ ಬದಲಾದರೆ ಬಿಡಬೇಕಾದದ್ದೂ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಈ ದೃಷ್ಟಿಯಿಂದ ನಮ್ಮ ಸಂಗೀತವನ್ನು ನೋಡಿದರೆ, ವಿಳಾಸದಿಂದ ಹುಡುಕುವ ಕಲ್ಪನೆ ಇಲ್ಲಿ ಹೊಸದಲ್ಲ. 17ನೇ ಶತಮಾನದಲ್ಲಿ ತಂಜಾವೂರಿನ ನಾಯಕರ ಆಸ್ಥಾನದಲ್ಲಿದ್ದ ವೆಂಕಟಮಖಿ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ, 'ಚತುರ್ದಂಡೀ ಪ್ರಕಾಶಿಕೆ'ಯಲ್ಲಿ ಸ್ವರಸ್ಥಾನಗಳ ಜೋಡಣೆಯಿಂದ 72 ಮೇಳಗಳು ಹುಟ್ಟುವ ಲೆಕ್ಕವನ್ನು ಇಟ್ಟ. ಮುಂದೆ ಮೇಳಗಳ ಹೆಸರಿನ ಮೊದಲ ಎರಡು ಅಕ್ಷರಗಳಲ್ಲೇ ಕಟಪಯಾದಿ ಕ್ರಮದಿಂದ ಮೇಳದ ಸಂಖ್ಯೆಯನ್ನು ಅಡಗಿಸುವ ರೂಢಿ ಬಂತು. ಮೇಚಕಲ್ಯಾಣಿಯಲ್ಲಿ ಮ ಎಂದರೆ 5, ಚ ಎಂದರೆ 6. ತಿರುಗಿಸಿ ಓದಿದರೆ 65. ಆ ಸಂಖ್ಯೆಯಿಂದಲೇ ಪ್ರತಿಮಧ್ಯಮ ಎಂಬುದೂ, ಉಳಿದ ಸ್ವರಗಳು ಯಾವುವು ಎಂಬುದೂ ಲೆಕ್ಕಕ್ಕೆ ಸಿಗುತ್ತವೆ, ಪಟ್ಟಿಯನ್ನು ತಿರುವಿಹಾಕಬೇಕಾಗಿಲ್ಲ. ಸೂಚಿಯಾಗಿ ಇದು ಅತ್ಯಂತ ದಕ್ಷವಾದ ರಚನೆ. ಆದರೆ ಮೇಳ ರಾಗವಲ್ಲ ಎಂಬುದು ಸಂಗೀತದ ಗಂಧವಿರುವ ಎಲ್ಲರಿಗೂ ಗೊತ್ತು. ಹಿಂದೂಸ್ತಾನಿಯ ಭೂಪಾಲಿಗೂ ದೇಶಕಾರಕ್ಕೂ ಇರುವುದು ಅವೇ ಐದು ಸ್ವರ. ಭೂಪಾಲಿ ಗಾಂಧಾರವನ್ನು ಆಶ್ರಯಿಸಿ ಪೂರ್ವಾಂಗದಲ್ಲಿ ಬೆಳೆಯುತ್ತದೆ, ದೇಶಕಾರ ಧೈವತವನ್ನು ಹಿಡಿದು ಉತ್ತರಾಂಗದಲ್ಲಿ ನಿಲ್ಲುತ್ತದೆ. ಮಾರ್ವಾ, ಪೂರಿಯಾ, ಸೋಹನಿಗಳ ಸಂಬಂಧವೂ ಹೀಗೇ. ಕರ್ನಾಟಕ ಸಂಗೀತದ ತೋಡಿಯಲ್ಲಿ ಗಾಂಧಾರ ಒಂದೇ ಎತ್ತರದಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ಅದರ ಕಂಪನವೇ ಅದರ ಗುರುತು. ಧ್ವನಿಯನ್ನು 12 ಮನೆಗಳಿಗೆ ದುಂಡಾಗಿಸಿದರೆ ಆ ಗಾಂಧಾರ ಅಕ್ಕಪಕ್ಕದ ಮನೆಗಳಿಗೆ ಚೆದುರಿಹೋಗುತ್ತದೆ. ಪಾಶ್ಚಾತ್ಯ ಹಾಡುಗಳ ಹುಡುಕಾಟದಲ್ಲಿ ನಷ್ಟವಿಲ್ಲದೆ ಬಿಡಬಹುದಾದದ್ದು ಇಲ್ಲಿ ರಾಗದ ಜೀವ.

ಈ ಎಚ್ಚರದಿಂದ ಹೊರಟ ಕೆಲಸಗಳೂ ನಡೆದಿವೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಝೇವಿಯರ್ ಸೆರ್ರಾ 2011ರಲ್ಲಿ ಆರಂಭಿಸಿದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ, ಹಿಂದೂಸ್ತಾನಿ, ತುರ್ಕಿಯ ಮಕಾಮ್, ಅರಬ್-ಆಂದಲೂಸಿಯನ್, ಬೀಜಿಂಗ್ ಅಪೆರಾ ಎಂಬ ಐದು ಸಂಪ್ರದಾಯಗಳನ್ನು ಅವುಗಳದೇ ಕಲ್ಪನೆಗಳಿಂದ ಅಭ್ಯಾಸ ಮಾಡಲು ಹೊರಟಿತು. ಭಾರತದ ಸಂಶೋಧಕರೂ ಗಾಯಕರೂ ಅದರಲ್ಲಿ ಭಾಗಿಗಳಾದರು. ಮೊದಲ ಹೆಜ್ಜೆ ಗಾಯಕರ ಆಧಾರ ಶ್ರುತಿಯನ್ನು ಧ್ವನಿಯಿಂದಲೇ ಕಂಡುಹಿಡಿಯುವುದು, ಏಕೆಂದರೆ ಷಡ್ಜ ಎಲ್ಲಿದೆಯೆಂದು ತಿಳಿಯದೆ ಯಾವ ಸ್ವರಕ್ಕೂ ಅರ್ಥವಿಲ್ಲ. ಇದೇ ಬಳಗದ ಸಂಕಲ್ಪ್ ಗುಲಾಟಿ ಮತ್ತು ಸಂಗಡಿಗರು 2016ರಲ್ಲಿ ರಾಗ ಗುರುತಿಸಲು ಮಂಡಿಸಿದ ವಿಧಾನ ಈ ಲೇಖನದ ವಾದಕ್ಕೆ ಒಳ್ಳೆಯ ನಿದರ್ಶನ. ಅವರು ಸ್ಥಾಯಿಯನ್ನೂ ಶ್ರುತಿಯನ್ನೂ ಬಿಟ್ಟರು, ಸ್ವರಗಳ ದೀರ್ಘ ಕ್ರಮವನ್ನೂ ಬಿಟ್ಟರು. ಆದರೆ ಈ ಕ್ಷಣ ಸ್ವರ ಎಲ್ಲಿದೆ, ತುಸು ಹೊತ್ತಿನ ನಂತರ ಎಲ್ಲಿಗೆ ಹೋಗಿರುತ್ತದೆ ಎಂಬ ಜೋಡಿಯನ್ನು 12 ಮನೆಗಳಿಗೆ ಕಟ್ಟಿಹಾಕದೆ ಉಳಿಸಿಕೊಂಡರು. ಗಮಕವೂ ಸಂಚಾರವೂ ಆ ಜೋಡಿಯಲ್ಲಿ ಸ್ವಲ್ಪಮಟ್ಟಿಗೆ ಬದುಕಿದವು. 30 ಹಿಂದೂಸ್ತಾನಿ ರಾಗಗಳಲ್ಲಿ ಶೇಕಡಾ 98ರಷ್ಟು, 40 ಕರ್ನಾಟಕ ರಾಗಗಳಲ್ಲಿ ಶೇಕಡಾ 87ರಷ್ಟು ಗುರುತುಗಳು ಸರಿಯಾದವು. ಸಂಗೀತ ಹುಡುಕಾಟದ ಸಂಶೋಧಕರ ಅಂತರರಾಷ್ಟ್ರೀಯ ಸಮ್ಮೇಳನ ಇಸ್ಮಿರ್ 2000ದಲ್ಲಿ ಅಮೆರಿಕದ ಪ್ಲಿಮತ್ ಊರಿನಲ್ಲಿ ಶುರುವಾದದ್ದು, 2022ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಭಾರತಕ್ಕೆ, ಬೆಂಗಳೂರಿಗೆ ಬಂತು. ಧಾರವಾಡದಲ್ಲಿ ಹಿಂದೂಸ್ತಾನಿಯನ್ನೂ ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ ಬೆಳೆಸಿದ ನಾಡಿಗೆ ಈ ಚರ್ಚೆ ಹೊರಗಿನದಾಗಬಾರದು.

ಇಂದು ಇನ್ನೊಂದು ಆಕ್ಷೇಪ ಹೆಚ್ಚು ಕೇಳಿಬರುತ್ತದೆ: ಕೃತಕ ಬುದ್ಧಿಮತ್ತೆ ಬಂದ ಮೇಲೆ ಏನನ್ನು ಬಿಡಬೇಕೆಂದು ಮನುಷ್ಯರು ನಿರ್ಧರಿಸಬೇಕಾಗಿಲ್ಲ, ಯಂತ್ರವೇ ಕಲಿತುಕೊಳ್ಳುತ್ತದೆ. 2020ರ ಅಕ್ಟೋಬರಿನಲ್ಲಿ ಗೂಗಲ್ ತಂದ ಗುನುಗಿ ಹುಡುಕುವ ಸೌಲಭ್ಯ ಹಾಗೆ ಕಲಿತ ಜಾಲದಿಂದಲೇ ನಡೆಯುತ್ತದೆ. ಅದು ಗುನುಗನ್ನೂ ಮೂಲ ಹಾಡನ್ನೂ ಸಂಖ್ಯೆಗಳ ಸಾಲುಗಳಾಗಿ ಮಾಡಿ, ಹತ್ತಿರದ ಸಾಲುಗಳನ್ನು ಹುಡುಕುತ್ತದೆ. ಇದರ ಸಾಮರ್ಥ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ತೀರ್ಮಾನ ಮಾಯವಾಗಲಿಲ್ಲ, ಅದರ ಜಾಗ ಬದಲಾಯಿತು. ಯಂತ್ರಕ್ಕೆ ಕಲಿಸುವಾಗ, ಈ ಎರಡು ತುಣುಕು ಒಂದೇ, ಈ ಎರಡು ಬೇರೆ ಎಂದು ಉದಾಹರಣೆಗಳನ್ನು ಕೊಡಬೇಕು. ಯಾವುದನ್ನು ಒಂದೇ ಎನ್ನುತ್ತೇವೋ ಅದರ ಒಳಗಿನ ವ್ಯತ್ಯಾಸಗಳನ್ನು ಯಂತ್ರ ಮರೆಯಲು ಕಲಿಯುತ್ತದೆ. ಒಂದು ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದ್ದು ಒಂದೇ ಎನ್ನೋಣವೇ? ಒಂದೇ ರಾಗದ ಎರಡು ಆಲಾಪನೆಗಳು ಒಂದೇ ಎನ್ನೋಣವೇ? ಪುರಂದರದಾಸರ ಒಂದೇ ಪದವನ್ನು ಎರಡು ರಾಗಗಳಲ್ಲಿ ಹಾಡಿದರೆ ಏನೆನ್ನೋಣ? ಈ ಪ್ರಶ್ನೆಗಳಿಗೆ ಲೆಕ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಸಂಗೀತದಲ್ಲಿ ಇದೆ, ಅದೂ ಹುಡುಕುವ ಉದ್ದೇಶಕ್ಕೆ ತಕ್ಕಂತೆ. ಇನ್ನು ಕೋಟ್ಯಂತರ ಸಾಲುಗಳಲ್ಲಿ ಹತ್ತಿರದ್ದನ್ನು ಬೇಗ ಹುಡುಕಲು ಬಳಸುವ ವಿಧಾನಗಳು ಅತ್ಯಂತ ಹತ್ತಿರದ್ದೇ ಸಿಗುತ್ತದೆ ಎಂಬ ಖಾತರಿಯನ್ನು ಬಿಟ್ಟುಕೊಟ್ಟು, ಸಾಕಷ್ಟು ಹತ್ತಿರದ್ದು ಸಿಕ್ಕರೆ ಸಾಕೆಂದು ಒಪ್ಪಿಕೊಂಡು ವೇಗ ಪಡೆಯುತ್ತವೆ. ಇಲ್ಲೂ ಬಿಟ್ಟದ್ದರಿಂದಲೇ ಗಳಿಕೆ.

ಕಲಾವಿದರ ಕಡೆಯಿಂದ ಬರುವ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು: ಸಂಗೀತವನ್ನು ಚುಕ್ಕೆಗಳಿಗೂ ಸಂಖ್ಯೆಗಳಿಗೂ ಇಳಿಸುವುದೇ ಅದಕ್ಕೆ ಮಾಡುವ ಅಪಚಾರ. ಇದಕ್ಕೆ ಮೊದಲ ಉತ್ತರ, ಸೂಚಿ ಸಂಗೀತದ ಜಾಗಕ್ಕೆ ಬರುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿ ಪುಸ್ತಕವನ್ನು ಕಿರಿದು ಮಾಡದಂತೆ, ಶಿಖರಗಳ ಚಿತ್ರದಿಂದ ಮೂಲ ಧ್ವನಿಮುದ್ರಿಕೆಯ ಒಂದು ಸ್ವರವೂ ಕಳೆಯುವುದಿಲ್ಲ. ಆದರೆ ಆಕ್ಷೇಪದಲ್ಲಿ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಭಾಗವೊಂದಿದೆ. ಸಂಗ್ರಹ ಚಿಕ್ಕದಿದ್ದಾಗ ಸೂಚಿಯಲ್ಲಿ ಇಲ್ಲದ್ದನ್ನೂ ಪುಟ ತಿರುವಿ ಹುಡುಕಬಹುದಿತ್ತು. ಹತ್ತು ಕೋಟಿ ಹಾಡುಗಳ ರಾಶಿಯಲ್ಲಿ ಸೂಚಿಗೆ ಸಿಗದ್ದು ಇಲ್ಲದ್ದಕ್ಕೆ ಸಮ. ನಮ್ಮ ಜಾನಪದ ಗೀತೆಗಳ ಮುದ್ರಿತ ಸಂಗ್ರಹಗಳಲ್ಲಿ ಬಹುಪಾಲು ಸಾಹಿತ್ಯವನ್ನು ಉಳಿಸಿಕೊಂಡು ಧಾಟಿಯನ್ನು ಹೊರಗೆ ಬಿಟ್ಟವು. ಹಾಡಿದವರ ಕಾಲ ಮುಗಿದ ಮೇಲೆ ಆ ಧಾಟಿಗಳನ್ನು ಯಾವ ಯಂತ್ರವೂ ಹುಡುಕಿಕೊಡಲಾರದು. ಸೂಚಿಯಿಂದ ಬಿಡುವುದಕ್ಕೂ ಸಂಗ್ರಹದಿಂದಲೇ ಬಿಡುವುದಕ್ಕೂ ಇರುವ ಅಂತರ ಇದು. ಮೊದಲನೆಯದು ತಪ್ಪಾದರೆ ತಿದ್ದಬಹುದು, ಮೂಲ ಇದ್ದರೆ ಹೊಸ ಸೂಚಿ ಕಟ್ಟಬಹುದು. ಎರಡನೆಯದಕ್ಕೆ ತಿದ್ದುಪಡಿ ಇಲ್ಲ.

ಕ್ರೋನ್‌ನ ನ್ಯಾಸಸ್ವರ, ಪಾರ್ಸನ್ಸನ ಏರಿಳಿತ, ವಾಂಗ್‌ನ ಶಿಖರ ಇವು ಮೂರೂ ಒಂದೇ ಸಂಗೀತವನ್ನು ಮೂರು ಬೇರೆ ಪ್ರಶ್ನೆಗಳಿಂದ ನೋಡಿದವು, ಮೂರೂ ತಮ್ಮ ಪ್ರಶ್ನೆಗೆ ಸರಿಯಾದದ್ದನ್ನು ಬಿಟ್ಟದ್ದರಿಂದ ಗೆದ್ದವು. ನಮ್ಮ ಸಂಗೀತಕ್ಕೆ ಒದಗುವ ಹುಡುಕಾಟವೂ ನಮ್ಮ ಪ್ರಶ್ನೆಗಳಿಂದಲೇ ಹುಟ್ಟಬೇಕು: ಈ ಸಂಚಾರ ಇನ್ನೆಲ್ಲಿ ಬಂದಿದೆ, ಈ ಪದ ಬೇರೆ ಯಾವ ಧಾಟಿಯಲ್ಲಿ ಉಳಿದಿದೆ, ಈ ಗಾಯಕರ ತೋಡಿ ಅವರ ಗುರುಗಳ ತೋಡಿಗೆ ಎಷ್ಟು ಹತ್ತಿರ. ಅದಕ್ಕೆ ಬೇಕಾದ ಸಿದ್ಧತೆ ಇಂದೇ ಮಾಡಬಹುದಾದದ್ದು. ಧ್ವನಿಮುದ್ರಿಕೆಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳೂ ಸಭೆಗಳೂ ಮನೆತನಗಳೂ ಮೂಲವನ್ನು ಕುಗ್ಗಿಸದೆ ಕಾಪಾಡಲಿ. ಪ್ರತಿಯೊಂದರ ಜೊತೆ ರಾಗ, ತಾಳ, ಆಧಾರ ಶ್ರುತಿ, ರಚನಕಾರರು, ಪಕ್ಕವಾದ್ಯದವರು, ಆಲಾಪನೆ ಮುಗಿದು ಕೃತಿ ಶುರುವಾಗುವ ಕಾಲ ಇಷ್ಟನ್ನಾದರೂ ಬರೆದಿಡಲಿ. ಜಾನಪದವನ್ನು ಸಂಗ್ರಹಿಸುವವರು ಸಾಹಿತ್ಯದ ಜೊತೆಗೆ ಧಾಟಿಯನ್ನೂ ದಾಖಲಿಸಲಿ. ಯಂತ್ರಕ್ಕೆ ಕಲಿಸುವ ಕೊಠಡಿಯಲ್ಲಿ ಹಾಡುವವರಿಗೂ ನುಡಿಸುವವರಿಗೂ ಒಂದು ಕುರ್ಚಿ ಇರಲಿ. ಏನನ್ನು ಬಿಡಬೇಕೆಂದು ಸಂಗೀತ ಬಲ್ಲವರು ಹೇಳದಿದ್ದರೆ ಸಂಗೀತ ತಿಳಿಯದವರು ಅದನ್ನು ನಿರ್ಧರಿಸುತ್ತಾರೆ, ಮುಂದಿನ ತಲೆಮಾರಿಗೆ ಸಿಗುವುದು ಅವರು ಉಳಿಸಿದ್ದು ಮಾತ್ರ.